ಆಗುಂಬೆ ನೋಡೋಕೆ ಎಲ್ಲಿ ಉಳಿಯಬೇಕು? ಊರೊಳಗೆ, ಶೃಂಗೇರಿ, ತೀರ್ಥಹಳ್ಳಿ, ಇಲ್ಲಾ ಘಾಟಿ ಕೆಳಗೆ

ಮಳೆ ಹಿಡಿಯುತ್ತಿದ್ದ ಹಾಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರೋಕೆ ಶುರುವಾಗುತ್ತದೆ. "ಆಗುಂಬೆಗೆ ಹೊರಟಿದ್ದೀವಿ, ರೂಮು ಎಲ್ಲಿ ಮಾಡೋದು?" ಅಮ್ಮನ ತವರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಚಿಕ್ಕಂದಿನ ರಜೆಗಳೆಲ್ಲ ಅಲ್ಲೇ ಕಳೆದಿದ್ದು, ಹಾಗಾಗಿ ಗೆಳೆಯರು ನನ್ನನ್ನೇ ಕೇಳುತ್ತಾರೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಯಾಕಂದ್ರೆ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದರ ಮೇಲೆ ನಿಮಗೆ ಸಿಗುವ ಆಗುಂಬೆಯೇ ಬೇರೆಯಾಗುತ್ತದೆ.

ಊರು ತುಂಬಾ ಚಿಕ್ಕದು. ತೀರ್ಥಹಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಘಟ್ಟ ಇಳಿಯುವ ಬಾಯಲ್ಲೇ ಕೂತಿದೆ. ಒಂದು ಮುಖ್ಯ ರಸ್ತೆ, ಬಸ್ಸು ನಿಲ್ಲುವ ಜಾಗ, ನಾಲ್ಕಾರು ಹೋಟೆಲ್ಲು, ಒಂದಷ್ಟು ಅಂಗಡಿ, ಚೆಕ್‌ಪೋಸ್ಟು, ದೇವಸ್ಥಾನ, ಹೆಂಚಿನ ಮನೆಗಳು. ಈ ತುದಿಯಿಂದ ಆ ತುದಿಗೆ ನಡೆಯೋಕೆ ಹತ್ತು ಹದಿನೈದು ನಿಮಿಷ ಸಾಕು. ಮಧ್ಯಾಹ್ನ ಕಳೆದ ಮೇಲೆ ಕಾರುಗಳು ಬರುತ್ತವೆ, ಸೂರ್ಯಾಸ್ತದ ಕಟ್ಟೆ ಹತ್ತಿರ ಸಾಲಾಗಿ ನಿಲ್ಲುತ್ತವೆ, ಫೋಟೋ ಆಗುತ್ತದೆ, ಕತ್ತಲಾಗುವ ಹೊತ್ತಿಗೆ ಎಲ್ಲ ಖಾಲಿ. ಹಾಗೆ ಬಂದು ಹಾಗೇ ಹೋದವರು "ಆಗುಂಬೆಯಲ್ಲಿ ಏನೂ ಇಲ್ಲ ಕಣಯ್ಯಾ" ಅನ್ನುತ್ತಾರೆ. ಅವರು ಹೊರಟ ಮೇಲೆಯೇ ಅಲ್ಲಿ ಎಲ್ಲ ಶುರುವಾಗೋದು.

ಊರೊಳಗೇ ಉಳಿಯೋದು

ನನ್ನ ಮೊದಲ ಆಯ್ಕೆ ಯಾವತ್ತೂ ಇದೇ. ಒಂದು ರಾತ್ರಿ ಸಾಲದು, ಎರಡು ಬೇಕು.

ಮಳೆಗಾಲದಲ್ಲಿ ಹೋದರೆ ಏನಾಗುತ್ತದೆ ಅಂತ ಮೊದಲೇ ತಿಳಿದಿರಲಿ. ಇಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಹೆಚ್ಚು ಕಡಿಮೆ 1,000. ಅಂದರೆ ನಿಮ್ಮ ಏಳು ವರ್ಷದ ಮಳೆ ಇವರಿಗೆ ಒಂದೇ ವರ್ಷಕ್ಕೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಕರಾವಳಿ ದಾಟಿ ಮೊದಲು ಡಿಕ್ಕಿ ಹೊಡೆಯುವುದೇ ಈ ಗೋಡೆಯಂಥ ಘಟ್ಟಕ್ಕೆ, ಮೇಲೆ ಹತ್ತಲೇಬೇಕು, ಹತ್ತಿದ ಹಾಗೆ ತಣ್ಣಗಾಗಿ ಎಲ್ಲವನ್ನೂ ಇಲ್ಲೇ ಸುರಿದುಬಿಡುತ್ತದೆ. ಮೇಲಿರುವ ಊರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ.

ಬಟ್ಟೆ ಒಣಗುವುದಿಲ್ಲ. ಇದು ಉತ್ಪ್ರೇಕ್ಷೆ ಅಲ್ಲ, ಮೂರು ದಿನ ಹರವಿದರೂ ಟವೆಲ್ಲು ಹಸಿಯಾಗಿಯೇ ಇರುತ್ತದೆ. ಹಳೇ ಮನೆಗಳಲ್ಲಿ ಅದಕ್ಕೊಂದು ದಾರಿ ಇದೆ. ಬಚ್ಚಲುಮನೆಯ ಹಂಡೆ ಒಲೆಗೆ ಬೆಳಗ್ಗೆಯಿಂದ ಬೆಂಕಿ ಆರಿಸುವುದಿಲ್ಲ, ಅದರ ಮೇಲ್ಗಡೆ ಕಟ್ಟಿದ ತಂತಿಯ ಮೇಲೆ ಬಟ್ಟೆ ಹಾಕುತ್ತಾರೆ. ಹಾಗೆ ಒಣಗಿದ ಅಂಗಿ ಹಾಕಿಕೊಂಡರೆ ಇಡೀ ದಿನ ಮೈಗೆ ಹೊಗೆ ವಾಸನೆ, ಬೆಂಗಳೂರಿಗೆ ವಾಪಸ್ ಬಂದು ಬ್ಯಾಗು ತೆರೆದಾಗಲೂ ಅದೇ ವಾಸನೆ. ನನಗೆ ಅದು ಅಜ್ಜಿಮನೆಯ ವಾಸನೆ. ನೀವು ಉಳಿಯುವ ಮನೆಯಲ್ಲಿ ಇನ್ನೂ ಹಂಡೆ ಒಲೆ ಇದ್ದರೆ ಗೀಸರ್ ಬೇಡ ಅಂತ ಹೇಳಿ ಅಲ್ಲೇ ಸ್ನಾನ ಮಾಡಿ.

ಕರೆಂಟು ಹೋಗುತ್ತದೆ. ಜೋರು ಮಳೆಗಾಳಿಗೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದರೆ ಒಂದು ದಿನ ಹೋದರೂ ಹೋಯಿತು, ಜೊತೆಗೆ ಫೋನಿನ ಸಿಗ್ನಲ್ಲೂ. ಕೂತು ಆಫೀಸ್ ಕೆಲಸ ಮಾಡಬೇಕು ಅನ್ನುವವರು ಜುಲೈಯಲ್ಲಿ ಊರೊಳಗೆ ಉಳಿಯಲೇಬೇಡಿ.

ಆದರೆ ರಾತ್ರಿ ಏಳೂವರೆ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಾಗ ಜಗುಲಿ ಮೇಲೆ ಕೂತುಕೊಂಡು ನೋಡಿ. ಕಪ್ಪೆಗಳ ಸದ್ದು ಒಂದೇ ಥರ ಇರುವುದಿಲ್ಲ. ಒಂದು ಮರ ಕುಟ್ಟಿದ ಹಾಗೆ, ಇನ್ನೊಂದು ಶಿಳ್ಳೆ ಹಾಗೆ, ಮತ್ತೊಂದು ತೊಟ್ಟಿಕ್ಕುವ ನೀರಿನ ಹಾಗೆ. ಟಾರ್ಚು ಆರಿಸಿ ಐದು ನಿಮಿಷ ಕೂತರೆ ಎಷ್ಟು ಬಗೆ ಅಂತ ಕಿವಿಗೇ ಗೊತ್ತಾಗುತ್ತದೆ. ಬೆಳಗ್ಗೆ ಬೇಗ ಎದ್ದು ಮುಖ್ಯ ರಸ್ತೆಗೆ ಬಂದರೆ ಎದುರಿನ ಅಂಗಡಿಯೂ ಕಾಣದಷ್ಟು ಮಂಜು, ಮೊದಲ ಬಸ್ಸು ಬಂದದ್ದು ಮೊದಲು ಹಾರ್ನಿನಲ್ಲಿ ತಿಳಿಯುತ್ತದೆ, ಆಮೇಲೆ ಎರಡು ಹಳದಿ ದೀಪ. ಶೃಂಗೇರಿಯಿಂದ ಹತ್ತು ಗಂಟೆಗೆ ಹೊರಟು ಬಂದವರಿಗೆ ಇದು ಸಿಗುವುದಿಲ್ಲ.

ದೊಡ್ಡಮನೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಇದೇ ಊರಲ್ಲಿ, ಆ ಮನೆಯಲ್ಲಿ. ಮುಖ್ಯ ರಸ್ತೆಯ ಪಕ್ಕದಲ್ಲೇ ಇದೆ, ದಪ್ಪ ಮರದ ಕಂಬಗಳು, ಒಳಗೆ ಅಂಗಳ. ದಯವಿಟ್ಟು ಒಂದು ಮಾತು ನೆನಪಿಡಿ, ಅದು ಒಂದು ಕುಟುಂಬದ ಮನೆ. ಹೊರಗೆ ನಿಂತು ಕೂಗಿ, ಒಳಗೆ ಬನ್ನಿ ಅಂದರೆ ಚಪ್ಪಲಿ ಬಿಟ್ಟು ಹೋಗಿ. ಊಟದ ಹೊತ್ತಿನಲ್ಲಿ ಇಪ್ಪತ್ತು ಜನ ನುಗ್ಗಿ ಕಂಬ ಕಂಬಕ್ಕೂ ಒರಗಿ ಫೋಟೋ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ, ಒಳಗಿನವರು ಪಾಪ ಏನೂ ಅನ್ನಲಿಲ್ಲ, ಆದರೆ ನೋಡುತ್ತಿದ್ದ ನನಗೆ ತುಂಬಾ ಬೇಜಾರಾಯಿತು.

ಊರೊಳಗೆ ಉಳಿಯುವುದರ ಇನ್ನೊಂದು ಲಾಭ ಕಾಡು. ಜೋಗಿಗುಂಡಿ ಜಲಪಾತ ಹತ್ತಿರವೇ ಇದೆ. ಒನಕೆ ಅಬ್ಬಿ, ಬರ್ಕಣ ಜಲಪಾತಗಳಿಗೆ ಜಾಸ್ತಿ ನಡೆಯಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆ ಜೋರಿದ್ದಾಗ ದಾರಿ ಮುಚ್ಚಿರುತ್ತಾರೆ. ಊರಲ್ಲೇ ಇದ್ದರೆ ಬೆಳಗ್ಗೆ ಹೋಗಿ ಕೇಳಬಹುದು, ಇವತ್ತಿಲ್ಲ ಅಂದರೆ ನಾಳೆ ನೋಡಬಹುದು. ನಲವತ್ತು ಕಿಲೋಮೀಟರ್ ದೂರದಿಂದ ಬಂದು ಗೇಟಿನಿಂದ ವಾಪಸ್ ಹೋಗುವ ಕಷ್ಟ ಇರುವುದಿಲ್ಲ.

ಮತ್ತೆ ಕಾಳಿಂಗ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದ್ದು ಈ ಹಾವಿಗಾಗಿಯೇ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ, ಹೀಗೆ ಗೂಡು ಕಟ್ಟುವ ಹಾವು ಬೇರೆ ಇಲ್ಲ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದ ಅಂತ ಗುರುತಿಸಿ, ವೈಜ್ಞಾನಿಕ ಹೆಸರಿನಲ್ಲೇ ನಮ್ಮ ಕನ್ನಡದ 'ಕಾಳಿಂಗ' ಪದ ಸೇರಿಸಿದ್ದಾರೆ, ಓಫಿಯೋಫೇಗಸ್ ಕಾಳಿಂಗ ಅಂತ. ಅದನ್ನು ಓದಿದ ದಿನ ನನಗಾದ ಖುಷಿ ಹೇಳೋಕಾಗಲ್ಲ. ಈ ಕೇಂದ್ರ ಸುಮ್ನೆ ಹೋಗಿ ನೋಡಿ ಬರುವ ಜಾಗ ಅಲ್ಲ, ಮೊದಲೇ ಬರೆದು ಕೇಳಿಕೊಂಡು ಹೋಗಬೇಕು. ಹಾವು ಕಾಣುತ್ತದೆ ಅಂತಲೂ ಹೋಗಬೇಡಿ. ಹಳ್ಳಿಯ ಜನ ಅದರ ಜೊತೆ ಹೇಗೆ ಬದುಕುತ್ತಾರೆ ಅಂತ ಮನೆಯವರ ಹತ್ತಿರ ಕೇಳಿ. ಕೊಟ್ಟಿಗೆಗೆ ಬಂದ ಹಾವಿನ ಕಥೆ ಇಲ್ಲದ ಮನೆ ಈ ಕಡೆ ಅಪರೂಪ.

ಶೃಂಗೇರಿ

ಆಗುಂಬೆಯಿಂದ ಮೂವತ್ತು ಕಿಲೋಮೀಟರಿನೊಳಗೆ. ಅಪ್ಪ ಅಮ್ಮನ ಜೊತೆ, ಇಲ್ಲಾ ಮಂಡಿ ನೋವಿರುವ ಅತ್ತೆ ಮಾವನ ಜೊತೆ ಹೋಗುವವರು ಹಿಂದೆ ಮುಂದೆ ನೋಡದೆ ಇಲ್ಲೇ ಉಳಿಯಿರಿ. ಪೇಟೆ ಇದೆ, ಆಸ್ಪತ್ರೆ ಇದೆ, ಔಷಧಿ ಅಂಗಡಿ ಇದೆ, ಮಠದ ವಸತಿಗೃಹಗಳಿವೆ, ಲಾಡ್ಜುಗಳಿವೆ, ಬೆಂಗಳೂರಿನಿಂದ ರಾತ್ರಿ ಬಸ್ಸು ನೇರ ಬರುತ್ತದೆ. ಮಧ್ಯಾಹ್ನ ಮಠದ ಊಟ.

ವಿದ್ಯಾಶಂಕರ ದೇವಸ್ಥಾನಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. 14ನೇ ಶತಮಾನದ್ದು. ಒಳಗೆ ಹನ್ನೆರಡು ರಾಶಿ ಕಂಬಗಳಿವೆ, ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಬೆಳಗಿನ ಬಿಸಿಲು ಆ ಕಂಬದ ಮೇಲೆ ಬೀಳುತ್ತದೆ ಅಂತ ಹೇಳುತ್ತಾರೆ. ಕೆಳಗೆ ತುಂಗೆಯ ಮೆಟ್ಟಿಲಲ್ಲಿ ಮೊಣಕೈ ಉದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತಿರುತ್ತವೆ, ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ದೇವಸ್ಥಾನಕ್ಕೆ ಪಂಚೆ, ಸೀರೆ ಥರದ ಉಡುಪು ಇಟ್ಟುಕೊಂಡು ಹೋಗಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆ ಹೊತ್ತಿಗೆ ಕಿಗ್ಗಕ್ಕೆ ಹೊರಡಬಹುದು.

ಕಿಗ್ಗ ನನಗೆ ಶೃಂಗೇರಿಗಿಂತ ಇಷ್ಟ. ಸುಮಾರು ಹತ್ತು ಕಿಲೋಮೀಟರ್. ಋಷ್ಯಶೃಂಗೇಶ್ವರ ಮಳೆ ದೇವರು. ಬರ ಬಂದಾಗ ಮಳೆ ಕೊಡಪ್ಪಾ ಅಂತ ಇಲ್ಲಿ ಪೂಜೆ ಮಾಡಿಸುತ್ತಾರೆ, ಮಳೆ ವಿಪರೀತವಾದಾಗ ಸಾಕು ನಿಲ್ಲಿಸಪ್ಪಾ ಅಂತಲೂ ಇಲ್ಲೇ ಮಾಡಿಸುತ್ತಾರೆ. ಅಲ್ಲಿಂದ ಮುಂದೆ ಸಿರಿಮನೆ ಜಲಪಾತ, ಗಾಡಿ ಹತ್ತಿರದವರೆಗೆ ಹೋಗುತ್ತದೆ, ಆಮೇಲೆ ಮೆಟ್ಟಿಲು. ವಯಸ್ಸಾದವರಿಗೂ ಒಂದು ಜಲಪಾತ ಹತ್ತಿರದಿಂದ ತೋರಿಸಬೇಕು ಅಂದರೆ ಆಗುಂಬೆಯ ಕಾಡಿನ ದಾರಿಗಿಂತ ಇದು ಎಷ್ಟೋ ವಾಸಿ.

ತೊಂದರೆ ಏನು ಅಂದ್ರೆ, ಶೃಂಗೇರಿಯಲ್ಲಿ ಉಳಿದರೆ ಆಗುಂಬೆ ಒಂದು ಸಂಜೆಯ ತಿರುಗಾಟ ಆಗಿಬಿಡುತ್ತದೆ. ಸೂರ್ಯಾಸ್ತ ನೋಡಿ ಕತ್ತಲಲ್ಲಿ ಮಂಜಿನ ನಡುವೆ ಅಂಕುಡೊಂಕು ರಸ್ತೆಯಲ್ಲಿ ವಾಪಸ್ ಬರಬೇಕು. ನಾಲ್ಕು ದಿನ ಸಿಕ್ಕರೆ ಎರಡು ರಾತ್ರಿ ಅಲ್ಲಿ, ಎರಡು ರಾತ್ರಿ ಇಲ್ಲಿ ಮಾಡಿ. ಹಬ್ಬದ ದಿನ, ನವರಾತ್ರಿ, ಉದ್ದದ ವಾರಾಂತ್ಯಗಳಲ್ಲಿ ರೂಮು ಗೊತ್ತು ಮಾಡದೆ ಶೃಂಗೇರಿಗೆ ಹೋಗಲೇಬೇಡಿ.

ತೀರ್ಥಹಳ್ಳಿ

ಇಲ್ಲಿ ನನ್ನ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಆಗುಂಬೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಶಿವಮೊಗ್ಗಕ್ಕೆ ಅರವತ್ತು. ಬಸ್ಸಿನಲ್ಲಿ ಓಡಾಡುವವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಎಲ್ಲ ಕಡೆಗೂ ಬಸ್ಸು ಇಲ್ಲಿಂದಲೇ. ಪ್ರವಾಸಿ ಊರು ಅಲ್ಲ, ಕೆಲಸಕ್ಕೆ ಬಂದು ಹೋಗುವವರ ಪೇಟೆ. ಹಾಗಾಗಿ ಲಾಡ್ಜು ಸಾಧಾರಣ, ಊಟ ಚೆನ್ನ. ತುಂಗೆಯ ಕಮಾನು ಸೇತುವೆ ಮೇಲೆ ಸಂಜೆ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಎಳ್ಳಮಾವಾಸ್ಯೆಗೆ ರಾಮೇಶ್ವರ ದೇವರ ಜಾತ್ರೆ, ತೆಪ್ಪೋತ್ಸವ. ಆ ದಿನಗಳಲ್ಲಿ ಬಂದರೆ ಇಡೀ ತಾಲ್ಲೂಕನ್ನು ಒಂದೇ ಜಾಗದಲ್ಲಿ ನೋಡಬಹುದು.

ಇಲ್ಲಿ ಉಳಿಯೋಕೆ ದೊಡ್ಡ ಕಾರಣ ಕುಪ್ಪಳ್ಳಿ. ಕುವೆಂಪು ಅವರ ಮನೆ ಈಗ ವಸ್ತುಸಂಗ್ರಹಾಲಯ, ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ, ಅಲ್ಲೇ ಅವರ ಸಮಾಧಿ. ಮನೆ ಒಳಗೆ ಹಳೇ ಮಲೆನಾಡಿನ ಬಾಳು ಸಾಮಾನು ಸಾಮಾನಾಗಿ ಕಾಣುತ್ತದೆ. ಬಾಣಂತಿ ಕೋಣೆ, ಅಡಿಗೆಮನೆ, ಪಾತ್ರೆಗಳು. ಪುಸ್ತಕದಲ್ಲಿ ಓದಿದವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ, ನನಗೆ ಪ್ರತಿ ಸಲವೂ ಹಾಗಾಗುತ್ತದೆ. ಬೆಳಗ್ಗೆ ಬೇಗ ಹೋಗಿ, ಶಾಲೆಯ ಬಸ್ಸುಗಳು ಬರುವ ಮೊದಲು ಕವಿಶೈಲದಲ್ಲಿ ಒಂದು ಗಂಟೆ ಸುಮ್ಮನೆ ಕೂತು ಬನ್ನಿ.

ಕುಂದಾದ್ರಿಯೂ ಈ ದಾರಿಯಲ್ಲೇ, ಗುಡ್ಡೇಕೇರಿ ಹತ್ತಿರ ತಿರುಗಬೇಕು. ಒಂಟಿ ಬಂಡೆ ಗುಡ್ಡ. ಮೇಲಿನವರೆಗೂ ರಸ್ತೆ ಇದೆ, ಕೊನೆಗೆ ಒಂದಷ್ಟು ಮೆಟ್ಟಿಲು, ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಮೇಲೇ ಕೊಳ. ಆಗುಂಬೆಯಿಂದಲೂ ಹೋಗಬಹುದು, ದೂರ ಹೆಚ್ಚು ಕಡಿಮೆ ಒಂದೇ. ಸೂರ್ಯೋದಯಕ್ಕೆ ಕುಂದಾದ್ರಿ, ಸೂರ್ಯಾಸ್ತಕ್ಕೆ ಆಗುಂಬೆ ಅನ್ನೋದು ಈ ಕಡೆಯವರ ಲೆಕ್ಕ. ಇನ್ನೂ ಒಂದು ದಿನ ಇದ್ದರೆ ಕೆಳದಿ ಅರಸರ ಕವಲೇದುರ್ಗ ಕೋಟೆ.

ನವೆಂಬರ್‌ನಿಂದ ಜನವರಿ ಒಳಗೆ ತೋಟದ ಮನೆಯ ಹೋಂಸ್ಟೇ ಸಿಕ್ಕರೆ ಬಿಡಬೇಡಿ. ಆಗ ಅಡಿಕೆ ಕೊಯ್ಲು. ರಾತ್ರಿ ಊಟ ಆದ ಮೇಲೆ ಅಂಗಳದ ಚಪ್ಪರದ ಕೆಳಗೆ ಹಸಿ ಅಡಿಕೆ ರಾಶಿ ಸುತ್ತ ಜನ ಕೂರುತ್ತಾರೆ. ಮೆಟ್ಟುಕತ್ತಿಯ ಮಣೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಕಾಯಿಯನ್ನು ಅಲಗಿಗೆ ಒತ್ತಿ ಒಂದು ತಿರುವು, ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಕಣ್ಣು ಕೆಲಸದ ಮೇಲೆ ಇರುವುದೇ ಇಲ್ಲ, ಬಾಯಲ್ಲಿ ಮಾತು ನಡೆಯುತ್ತಲೇ ಇರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಅಭ್ಯಾಸ ಇದ್ದವರ ಬೆರಳುಗಳು ಚೊಗರಿನಿಂದ ಕಪ್ಪಾಗಿರುತ್ತವೆ, ತೊಳೆದರೆ ಹೋಗುವುದಿಲ್ಲ. ಪಕ್ಕದಲ್ಲಿ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ನೀವೂ ಕೂರಿ, ಮಾತಾಡಿ. ಕತ್ತಿ ಮಾತ್ರ ಮುಟ್ಟಬೇಡಿ, ತುಂಬಾ ಹರಿತ.

ಘಾಟಿ ಕೆಳಗೆ, ಹೆಬ್ರಿ ಮತ್ತು ಸೋಮೇಶ್ವರ

ಮಂಗಳೂರು, ಉಡುಪಿ ಕಡೆಯಿಂದ ಬರುವವರಿಗೆ ಅನುಕೂಲ. ಆಗುಂಬೆಯಿಂದ ಹದಿನಾಲ್ಕು ಹಿಮ್ಮುರಿ ತಿರುವು ಇಳಿದರೆ ಸೋಮೇಶ್ವರ, ಮುಂದೆ ಹೆಬ್ರಿ. ಭಾಷೆ, ಊಟ, ಹವೆ ಎಲ್ಲ ಬದಲಾಗುತ್ತದೆ, ಸೆಖೆ ಶುರು. ಡಿಸೆಂಬರ್ ಕಳೆದ ಮೇಲೆ ಕೂಡ್ಲು ತೀರ್ಥ ಜಲಪಾತಕ್ಕೆ ಹೋಗುವ ಆಸೆ ಇದ್ದರೆ ಇಲ್ಲಿ ಒಂದು ರಾತ್ರಿ ಇರಿ. ಬರೀ ಆಗುಂಬೆಗೆ ಬರುವವರು ಇಲ್ಲಿ ಉಳಿಯೋದು ಬೇಡ. ದಿನಾ ಘಾಟಿ ಹತ್ತಿ ಇಳಿದು ಮಕ್ಕಳಿಗೆ ವಾಂತಿಯಾಗುವುದು ಬಿಟ್ಟರೆ ಲಾಭವಿಲ್ಲ. ಮಳೆಗಾಲದಲ್ಲಿ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸುವುದು ಪ್ರತಿ ವರ್ಷದ ವಾಡಿಕೆ, ಗುಡ್ಡ ಕುಸಿದರೆ ಕಾರೂ ಹೋಗದು. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಈ ಘಾಟಿಯಲ್ಲಿ ಓಡುವುದೇ ಚಿಕ್ಕ ಬಸ್ಸು, ಅದರ ಕಿಟಕಿ ಪಕ್ಕದ ಸೀಟು ಸಿಕ್ಕರೆ ಕಾರಿಗಿಂತ ಚೆನ್ನಾಗಿ ಕಾಣುತ್ತದೆ.

ಯಾವ ತಿಂಗಳು

ಇಲ್ಲೇ ಜಾಸ್ತಿ ಜನ ತಪ್ಪು ಮಾಡುವುದು. ಸೂರ್ಯಾಸ್ತಕ್ಕೆ ಅಂತ ಜುಲೈಯಲ್ಲಿ ಬರುತ್ತಾರೆ, ಸೂರ್ಯನೇ ಇರುವುದಿಲ್ಲ. ಸಮುದ್ರಕ್ಕೆ ಸೂರ್ಯ ಇಳಿಯುವುದು ಕಾಣಬೇಕಾದರೆ ನವೆಂಬರ್ ಮಧ್ಯದಿಂದ ಜನವರಿ ಕೊನೆ, ಆಕಾಶ ತಿಳಿ ಇರಬೇಕು. ಮಳೆಯನ್ನೇ ನೋಡಬೇಕು ಅಂದರೆ ಜುಲೈ, ಆಗಸ್ಟ್. ನೀರೂ ಬೇಕು, ನಡೆಯೋಕೂ ಆಗಬೇಕು ಅಂದರೆ ಅಕ್ಟೋಬರ್. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯ ವಾರ. ಕಾಡು ಹಸಿರಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಜನ ಕಡಿಮೆ.

ಇಂಬಳದ ಬಗ್ಗೆ ಭಯ ಬೇಡ. ಮಳೆಯಲ್ಲಿ ಕಾಡಿಗೆ ಕಾಲಿಟ್ಟರೆ ಹತ್ತೇ ಹತ್ತುತ್ತದೆ. ಬಗ್ಗಿ ನೋಡಿ, ಒಣ ಎಲೆಯ ತುದಿಯಲ್ಲಿ ದಾರದ ಎಳೆ ಹಾಗೆ ಎದ್ದು ನಿಂತು ಗಾಳಿಯಲ್ಲಿ ತೂಗಾಡುತ್ತಿರುತ್ತದೆ, ನಿಮ್ಮ ಕಾಲು ಬಂದ ದಿಕ್ಕಿಗೇ ಬಾಗುತ್ತದೆ. ಶೂ ಲೇಸಿನ ತೂತಿನಿಂದಲೂ ನುಸುಳುತ್ತದೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಉಪ್ಪು ಅಥವಾ ನಿಂಬೆಹುಳಿ ಮುಟ್ಟಿಸಿದರೆ ತಾನೇ ಬಿಡುತ್ತದೆ, ಇಲ್ಲಾ ಉಗುರನ್ನು ಬಾಯಿಯ ಕೆಳಗೆ ಜಾರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ಹಾಗೆ. ನೋವೇನೂ ಇಲ್ಲ.

ನಿಜವಾಗಿ ಹುಷಾರಾಗಿರಬೇಕಾದ್ದು ಉಣುಗಿಗೆ. ಮಂಗನ ಕಾಯಿಲೆ ಈ ಉಣ್ಣೆ ಹುಳದಿಂದ ಬರುತ್ತದೆ. ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾಗಿದ್ದು, ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಆಗಾಗ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಆ ತಿಂಗಳುಗಳಲ್ಲಿ ಬರುವುದಾದರೆ ಯಾವ ಕಾಡಿಗೆ ಹೋಗಬಹುದು, ಯಾವುದಕ್ಕೆ ಬೇಡ ಅಂತ ಮನೆಯವರನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿ. ಮೈತುಂಬ ಬಟ್ಟೆ ಹಾಕಿ, ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ನೆನೆಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ರೂಮು ಗೊತ್ತು ಮಾಡುವ ಮುಂಚೆ

ಒಮ್ಮೆ ದೊಡ್ಡಮ್ಮನನ್ನೂ ಕರೆದುಕೊಂಡು ಐದು ಜನ ಹೊರಟಿದ್ದೆವು. ಆನ್‌ಲೈನಿನಲ್ಲಿ "ಆಗುಂಬೆ ಹೋಂಸ್ಟೇ" ಅಂತ ಹೆಸರಿತ್ತು, ದುಡ್ಡು ಕಟ್ಟಿದೆವು. ಹೋಗಿ ನೋಡಿದರೆ ಕೊಪ್ಪದ ಕಡೆ, ಆಗುಂಬೆಗೆ ಒಂದೂವರೆ ಗಂಟೆ ದಾರಿ, ಕೊನೆಯ ಮೂರು ಕಿಲೋಮೀಟರು ಜೀಪು ಮಾತ್ರ ಹೋಗುವ ಮಣ್ಣು ರಸ್ತೆ. ದೊಡ್ಡಮ್ಮ ಮಳೆಯಲ್ಲಿ ಜೀಪು ಹತ್ತಿ ಇಳಿದು ಸುಸ್ತಾಗಿಬಿಟ್ಟರು. ಈ ಕಡೆಯ ಅರ್ಧ ಹೋಂಸ್ಟೇಗಳು ಆಗುಂಬೆ ಹೆಸರು ಇಟ್ಟುಕೊಂಡೇ ಇವೆ.

ಹಾಗಾಗಿ ಫೋನ್ ಮಾಡಿ ಮಾತಾಡಿ. ಆಗುಂಬೆ ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ, ನಮ್ಮ ಕಾರು ಮನೆ ಬಾಗಿಲಿಗೆ ಬರುತ್ತದಾ, ಕರೆಂಟು ಹೋದರೆ ಏನಿದೆ, ದರ ತಲೆಗೆ ಇಷ್ಟು ಅಂದರೆ ಎಷ್ಟು ಹೊತ್ತಿನ ಊಟ ಸೇರಿ ಅಂತ ಕೇಳಿ. ಊಟಕ್ಕೆ ಹೋಟೆಲಿನ ಹಾಗೆ ಆರ್ಡರ್ ಹೇಳಬೇಡಿ, ನೀವು ಮನೆಯಲ್ಲಿ ಏನು ಮಾಡುತ್ತೀರೋ ಅದೇ ಕೊಡಿ ಅನ್ನಿ. ಆಗ ಮಳೆಗಾಲದಲ್ಲಿ ಪತ್ರೊಡೆ, ಕಳಲೆ ಪಲ್ಯ, ಬಿಸಿ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ ತಟ್ಟೆಗೆ ಬರುತ್ತದೆ. ಮೀನು ಮಾಂಸ ಬೇಕಿದ್ದರೆ ಮೊದಲೇ ಕೇಳಿ, ಎಲ್ಲ ಮನೆಯಲ್ಲೂ ಮಾಡುವುದಿಲ್ಲ. ಎಷ್ಟು ಗಂಟೆಗೆ ತಲುಪುತ್ತೀರಿ ಅಂತ ಸರಿಯಾಗಿ ಹೇಳಿ, ತಡವಾದರೆ ಸಿಗ್ನಲ್ ಇರುವಾಗಲೇ, ಅಂದರೆ ತೀರ್ಥಹಳ್ಳಿ ಬಿಡುವ ಮೊದಲೇ ಫೋನ್ ಮಾಡಿ. ಆ ಮನೆಯವರು ಊಟ ಮಾಡದೆ ಕಾಯುತ್ತಿರುತ್ತಾರೆ.